ಕಾಯಿಲೆಯೋ, ಕಾಯಿಲೆಯ ಭಯವೋ?

ಹೇಳಿಕೊಳ್ಳಲು ನಾಚುವ ಕಾಯಿಲೆ ದೇಹಕ್ಕಿಂತ ಮನಸ್ಸನ್ನೇ ಹೆಚ್ಚು ತಿನ್ನುತ್ತದೆ. ಇಂಥ ತರುಣನೊಬ್ಬನನ್ನು ಊಹಿಸಿಕೊಳ್ಳಿ. ಎಂದೋ ಒಮ್ಮೆ ಕಾಲು ಜಾರಿತು. ಕೆಲವು ವಾರಗಳ ಮೇಲೆ ಕಿಬ್ಬೊಟ್ಟೆಯಲ್ಲಿ ನೋವು, ಮೂತ್ರದಲ್ಲಿ ಉರಿ. ರಕ್ತ, ಮೂತ್ರಗಳ ಪರೀಕ್ಷೆಯಾಯಿತು. ಸೋಂಕಿಲ್ಲವೆಂದು ವರದಿ ಬಂತು. ನೋವು ಮಾತ್ರ ಹೋಗಲಿಲ್ಲ. ಪರೀಕ್ಷೆಯೇ ತಪ್ಪೆಂದು ಬಗೆದು ಆತ ವೈದ್ಯರಿಂದ ವೈದ್ಯರಿಗೆ ಅಲೆದ. ಔಷಧದಂಗಡಿಯಿಂದ ತಾನೇ ಗುಳಿಗೆ ತಂದು ನುಂಗಿದ.

ಅವನ ನೋವು ಸುಳ್ಳಲ್ಲ. ಆದರೆ ನೋವಿದ್ದಲ್ಲೆಲ್ಲ ರೋಗಾಣು ಇರಲೇಬೇಕೆಂದಿಲ್ಲ. 1995ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸೇರಿದ ತಜ್ಞರು, ಸೋಂಕು ಕಾಣದ ಇಂಥ ದೀರ್ಘಕಾಲದ ನೋವಿಗೆ ಬೇರೆಯದೇ ವರ್ಗವನ್ನು ಗೊತ್ತುಮಾಡಿದರು. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿದರೂ ಇಂಥ ನೋವು ಬರಬಹುದು. ಚಿಂತೆ ಆ ಬಿಗಿತವನ್ನು ಹೆಚ್ಚಿಸುತ್ತದೆ. ಇದಕ್ಕೆ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮ, ಮನಸ್ಸಿನ ನೆಮ್ಮದಿ ನೆರವಾಗುತ್ತವೆ. ರೋಗಾಣುನಾಶಕ ಗುಳಿಗೆಗಳನ್ನು ಮತ್ತೆ ಮತ್ತೆ ನುಂಗುವುದರಿಂದ ಕೇಡೇ ಹೆಚ್ಚು.

ಹಾಗೆಂದು ಪರೀಕ್ಷೆಯನ್ನು ಬಿಡಬಾರದು. ಸ್ರಾವ, ಹುಣ್ಣು, ಜ್ವರ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಇದು ಸ್ತ್ರೀಯರಿಗೂ ಅನ್ವಯಿಸುವ ಮಾತು. ಎಚ್.ಐ.ವಿ. ಸೋಂಕು ತಗುಲಿದ ಮರುದಿನವೇ ಪರೀಕ್ಷೆಯಲ್ಲಿ ಕಾಣದು. ಮೂರು ತಿಂಗಳ ಮೇಲೆ ಮಾಡಿಸಿದ ಪರೀಕ್ಷೆಯನ್ನು ನಂಬಬಹುದು. ಸರ್ಕಾರಿ ಕೇಂದ್ರಗಳಲ್ಲಿ ಈ ಪರೀಕ್ಷೆ ಉಚಿತ. ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಕಾನೂನೇ ಹೇಳುತ್ತದೆ.

ಸಕಾಲದಲ್ಲಿ ಪರೀಕ್ಷೆ ಮಾಡಿಸಿ, ಬಂದ ಉತ್ತರವನ್ನು ನಂಬಿ. ಮತ್ತೂ ನೋವು ಉಳಿದರೆ ಒಬ್ಬರೇ ವೈದ್ಯರಲ್ಲಿ ನಂಬಿಕೆಯಿಟ್ಟು, ನೋವಿನೊಡನೆ ನಿಮ್ಮ ಭಯವನ್ನೂ ಹೇಳಿಕೊಳ್ಳಿ. ಭಯವನ್ನು ಹೇಳದೆ ಉಳಿಸಿಕೊಂಡರೆ ಚಿಕಿತ್ಸೆ ಅರ್ಧಕ್ಕೇ ನಿಂತಂತೆ.