ಎದುರಿಗೆ ಕುಳಿತವರಿಗೇ ಹೇಳಿದ ಮಾತು

ನಜರೇತಿನ ಸಭಾಮಂದಿರದಲ್ಲಿ ಯೇಸುಸ್ವಾಮಿ ಮಾತಾಡಿದ ದಿನವನ್ನು ಲೂಕನ ಸುವಾರ್ತೆ ವಿವರವಾಗಿ ಹೇಳುತ್ತದೆ. ಯೆಶಾಯನ ಸುರುಳಿಯನ್ನು ಓದಿ ಕುಳಿತಾಗ ಊರಿನವರೆಲ್ಲ ಮೆಚ್ಚಿಕೊಂಡರು. ಆಮೇಲೆ ಯೇಸುಸ್ವಾಮಿ ಎರಡು ಹಳೆಯ ಸಂಗತಿಗಳನ್ನು ನೆನಪಿಸಿದರು. ಬರಗಾಲದಲ್ಲಿ ಎಲೀಯ ಹೋದದ್ದು ಪರದೇಶದ ಸರೆಪ್ತ ಊರಿನ ವಿಧವೆಯ ಮನೆಗೆ. ಎಲೀಷನ ಕಾಲದಲ್ಲಿ ಕುಷ್ಠ ವಾಸಿಯಾದದ್ದು ಸಿರಿಯದ ನಾಮಾನನಿಗೆ. ಇಷ್ಟು ಹೇಳಿದ್ದೇ ತಡ, ಮೆಚ್ಚಿದ್ದ ಜನರೇ ಅವರನ್ನು ಊರಾಚೆಗೆ ಅಟ್ಟಿ, ಕೆಳಕ್ಕೆ ದೊಬ್ಬಲು ಗುಡ್ಡದ ಅಂಚಿಗೆ ಒಯ್ದರು.

ಪ್ರವಾದಿಗಳ ಕಾಲದಿಂದಲೂ ಇದೇ ಕಥೆ. ಬೇತೇಲಿನಲ್ಲಿ ರಾಜನ ಆರಾಧನಾಲಯದಲ್ಲಿ ಆಮೋಸ ಬಡವರ ಪರವಾಗಿ ಮಾತಾಡಿದಾಗ, ಯೆಹೂದಕ್ಕೆ ಹೋಗಿ ಅಲ್ಲೇ ಪ್ರವಾದಿಸು ಎಂದು ಯಾಜಕ ಅಮಚ್ಯ ಗದರಿಸಿದ. ಅಲ್ಲಿ ಬೇರೆಯವರ ಮುಂದೆ ಏನು ಹೇಳಿದರೂ ಅಮಚ್ಯನಿಗೆ ಚಿಂತೆಯಿಲ್ಲ. ಕ್ರೈಸ್ತ ಪ್ರಸಂಗದ ಚರಿತ್ರೆಯಲ್ಲಿ ಬೇಡವಾದ ಮಾತು ಎಂದರೆ ಬಹುಮಟ್ಟಿಗೆ ಎದುರಿಗೆ ಕುಳಿತವರಿಗೇ ತಾಗುವ ಮಾತು.

ನಾಲ್ಕನೆಯ ಶತಮಾನದ ಅಂತಿಯೋಕ್ಯದಲ್ಲಿ ಯೋಹಾನ ಎಂಬ ಗುರುಗಳಿದ್ದರು. ಅವರ ಪ್ರಸಂಗಕ್ಕೆ ಜನ ಚರ್ಚಿನೊಳಗೇ ಚಪ್ಪಾಳೆ ತಟ್ಟುತ್ತಿದ್ದರು. ಚಿನ್ನದ ಬಾಯಿಯವರು, ಕ್ರಿಸೊಸ್ತೊಮ್, ಎಂಬ ಬಿರುದು ಮುಂದೆ ಅವರ ಹೆಸರಿಗೇ ಅಂಟಿಕೊಂಡಿತು. 398ರಲ್ಲಿ ಅವರು ರಾಜಧಾನಿ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷರಾದರು. ತಮ್ಮ ನಿವಾಸದ ದುಂದುವೆಚ್ಚ ಕಡಿದು ಆ ಹಣವನ್ನು ಆಸ್ಪತ್ರೆಗೆ ಹಾಕಿದರು. ಶ್ರೀಮಂತರ ಆಡಂಬರವನ್ನೂ ಪಾದ್ರಿಗಳ ಸುಖಜೀವನವನ್ನೂ ಅವರ ಮುಂದೆಯೇ ಖಂಡಿಸಿದರು. ಸಾಮ್ರಾಜ್ಞಿ ಯೂದೋಕ್ಸಿಯಾಳ ಬೆಳ್ಳಿಯ ಪ್ರತಿಮೆಯನ್ನು ಚರ್ಚಿನ ಬಳಿಯೇ ಗದ್ದಲದ ಉತ್ಸವದೊಂದಿಗೆ ನಿಲ್ಲಿಸಿದಾಗ ಅದನ್ನೂ ಬಿಡಲಿಲ್ಲ. 404ರಲ್ಲಿ ಅವರನ್ನು ಗಡೀಪಾರು ಮಾಡಲಾಯಿತು. ಇನ್ನೂ ದೂರದ ಊರಿಗೆ ಬಲವಂತವಾಗಿ ನಡೆಸಿಕೊಂಡು ಹೋಗುವಾಗ, 407ರ ಸೆಪ್ಟೆಂಬರಿನಲ್ಲಿ, ದಾರಿಯಲ್ಲೇ ತೀರಿಕೊಂಡರು.

ಆದರೆ ಇದೇ ಯೋಹಾನರು 386 ಮತ್ತು 387ರಲ್ಲಿ, ಯೆಹೂದ್ಯರ ಹಬ್ಬಗಳಿಗೆ ಹೋಗುತ್ತಿದ್ದ ಕ್ರೈಸ್ತರನ್ನು ತಡೆಯಲೆಂದು, ಯೆಹೂದ್ಯರನ್ನೇ ಹೀನಾಯವಾಗಿ ನಿಂದಿಸಿದ್ದರು. ನಿಂದೆಗೆ ಗುರಿಯಾದವರು ಆ ಚರ್ಚಿನಲ್ಲಿ ಕುಳಿತಿರಲಿಲ್ಲ. ಆ ಪ್ರಸಂಗಗಳಿಗಾಗಿ ಯಾರೂ ಅವರನ್ನು ಗಡೀಪಾರು ಮಾಡಲಿಲ್ಲ. ಅವು ಮುಂದಿನ ಶತಮಾನಗಳ ಯೆಹೂದ್ಯ ದ್ವೇಷಕ್ಕೆ ಉರುವಲಾದವು. ಕಟುವಾಗಿ ಮಾತಾಡುವುದೇ ನಿಷ್ಠೆಯಲ್ಲ ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ಸಿಗಲಾರದು.

ಇನ್ನು 1511ರ ಡಿಸೆಂಬರ್ 21. ಆಗಮನ ಕಾಲದ ನಾಲ್ಕನೆಯ ಭಾನುವಾರ. ಕೆರಿಬಿಯನ್ ಸಮುದ್ರದ ಹಿಸ್ಪಾನಿಯೊಲ ದ್ವೀಪದಲ್ಲಿ ಸ್ಪೇನಿನ ವಸಾಹತುಗಾರರು ಮೂಲನಿವಾಸಿಗಳನ್ನು ತಮ್ಮೊಳಗೆ ಹಂಚಿಕೊಂಡು, ಚಿನ್ನದ ಗಣಿಗಳಲ್ಲೂ ಹೊಲಗಳಲ್ಲೂ ಸಾಯುವ ತನಕ ದುಡಿಸುತ್ತಿದ್ದರು. ಹಿಂದಿನ ವರ್ಷವಷ್ಟೇ ಬಂದಿದ್ದ ದೊಮಿನಿಕನ್ ಸನ್ಯಾಸಿಗಳು ಇದನ್ನು ಕಣ್ಣಾರೆ ಕಂಡರು. ಪೆದ್ರೊ ದೆ ಕೊರ್ದೊಬ ಅವರ ಹಿರಿತನದಲ್ಲಿ ಎಲ್ಲರೂ ಕೂಡಿ ಒಂದು ಪ್ರಸಂಗ ಬರೆದು, ಎಲ್ಲರೂ ಸಹಿ ಹಾಕಿದರು. ಅದನ್ನು ನುಡಿಯುವ ಹೊಣೆ ಅಂತೋನಿಯೊ ದೆ ಮೊಂತೆಸಿನೋಸರದು. ಸಾಂತೊ ದೊಮಿಂಗೊದ ಚರ್ಚಿನಲ್ಲಿ ಕೊಲಂಬಸನ ಮಗ, ರಾಜ್ಯಪಾಲ ದಿಯೆಗೊ ಕೊಲಂಬಸನೇ ಕುಳಿತಿದ್ದ.

ಅಂದಿನ ವಾಕ್ಯ, ಅಡವಿಯಲ್ಲಿ ಕೂಗುವ ಸ್ನಾನಿಕ ಯೋಹಾನನ ಧ್ವನಿಯದು. ಯಾವ ಹಕ್ಕಿನಿಂದ ಈ ಜನರನ್ನು ಹೀಗೆ ಹಿಂಸಿಸುತ್ತಿದ್ದೀರಿ, ಇವರು ಮನುಷ್ಯರಲ್ಲವೇ ಎಂದು ಮೊಂತೆಸಿನೋಸರು ಕೇಳಿದರು. ಊರಿಗೆ ಊರೇ ಕೆರಳಿತು. ಮುಂದಿನ ಭಾನುವಾರ ಮಾತನ್ನು ಹಿಂತೆಗೆದುಕೊಳ್ಳಬೇಕು ಎಂದು ದೊಡ್ಡವರು ಮಠದ ಬಾಗಿಲಿಗೆ ಹೋಗಿ ಒತ್ತಾಯಿಸಿದರು. ಡಿಸೆಂಬರ್ 28ರಂದು ಜನ ಕಾತರದಿಂದ ನೆರೆದರು. ಮೊಂತೆಸಿನೋಸರು ಯೋಬನ ಗ್ರಂಥದ ವಾಕ್ಯವನ್ನೆತ್ತಿಕೊಂಡು ಹಿಂದಿನ ವಾರದ ಒಂದೊಂದು ಮಾತನ್ನೂ ಸಮರ್ಥಿಸಿದರು. ಈ ಜನರನ್ನು ಬಿಡುಗಡೆ ಮಾಡದವರಿಗೆ ಪಾಪನಿವೇದನೆಯ ಸಂಸ್ಕಾರವಿಲ್ಲ ಎಂದೂ ಸೇರಿಸಿದರು.

ವಿಷಯ ಸ್ಪೇನಿಗೆ ಮುಟ್ಟಿದಾಗ ದೊರೆ ಫರ್ಡಿನಾಂಡ್ ಸಿಟ್ಟಾದ. ಆದರೂ 1512ರ ಡಿಸೆಂಬರಿನಲ್ಲಿ ಮೂಲನಿವಾಸಿಗಳ ರಕ್ಷಣೆಯ ಹೆಸರಿನಲ್ಲಿ ಬುರ್ಗೋಸ್ ಕಾನೂನುಗಳು ಬಂದವು. ಅವು ದುರ್ಬಲವಾಗಿದ್ದವು, ಬಲವಂತದ ದುಡಿಮೆ ನಿಲ್ಲಲಿಲ್ಲ. ಆ ಪ್ರಸಂಗದ ಕಾಲದಲ್ಲಿ ಅದೇ ದ್ವೀಪದಲ್ಲಿ ನೆಲೆಸಿದ್ದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಗುರುವೂ ಮೂಲನಿವಾಸಿಗಳ ಒಡೆಯನೇ. 1514ರಲ್ಲಿ ಅವರು ತಮ್ಮ ಪಾಲಿಗೆ ಬಂದಿದ್ದವರನ್ನು ಬಿಟ್ಟುಕೊಟ್ಟು, ಉಳಿದ ಆಯುಷ್ಯವನ್ನೆಲ್ಲ ಅವರ ಪರ ಹೋರಾಟಕ್ಕೆ ಮುಡಿಪಿಟ್ಟರು. ಮೊಂತೆಸಿನೋಸರ ಪ್ರಸಂಗ ಇಂದು ನಮಗೆ ಗೊತ್ತಿರುವುದು ಲಾಸ್ ಕಾಸಾಸ್ ಬರೆದಿಟ್ಟ ಚರಿತ್ರೆಯಿಂದ.

ಜರ್ಮನಿಯ ವ್ಯೂರ್ಟೆಂಬರ್ಗ್ ಕನ್ನಡಿಗರಿಗೆ ಪರಕೀಯವಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಅಲ್ಲೇ. ಅದೇ ಸೀಮೆಯ ಓಬರ್‌ಲೆನಿಂಗೆನ್ ಎಂಬ ಊರಿನಲ್ಲಿ ಯೂಲಿಯುಸ್ ಫಾನ್ ಯಾನ್ ಸಭಾಪಾಲಕರಾಗಿದ್ದರು. 1938ರ ನವೆಂಬರಿನಲ್ಲಿ ದೇಶದೆಲ್ಲೆಡೆ ಯೆಹೂದ್ಯರ ಸಭಾಮಂದಿರಗಳಿಗೆ ಬೆಂಕಿಬಿತ್ತು. ಒಂದೇ ವಾರದಲ್ಲಿ, ನವೆಂಬರ್ 16ರಂದು, ಪಶ್ಚಾತ್ತಾಪದ ದಿನದ ಆರಾಧನೆ ಬಂತು. ದೇಶವನ್ನೇ ಕರೆದು ಕರ್ತನ ಮಾತು ಕೇಳು ಎನ್ನುವ ಯೆರೆಮೀಯನ ವಾಕ್ಯವನ್ನು ಅವರು ಸುತ್ತುಬಳಸಿಲ್ಲದೆ ವಿವರಿಸಿದರು: ಆರಾಧನಾಲಯ ಸುಟ್ಟವರಿಗೆ ಶಿಕ್ಷೆಯಿಲ್ಲ, ನಿರಪರಾಧಿಗಳು ಸೆರೆಯಲ್ಲಿದ್ದಾರೆ, ಇದು ದೇವರ ಮುಂದೆ ನಮ್ಮ ಪಾಪ. ಕೆಲವೇ ದಿನಗಳಲ್ಲಿ ಹೊರಗಿನಿಂದ ಬಂದ ನಾತ್ಸಿ ಗುಂಪು ಅವರನ್ನು ಥಳಿಸಿತು. ನ್ಯಾಯಾಲಯ 16 ತಿಂಗಳ ಸೆರೆ ವಿಧಿಸಿತು. ಯುದ್ಧ ಮುಗಿದ ಮೇಲೆ ಅವರು ಅದೇ ಸಭೆಗೆ ಮರಳಿದರು.

1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷ ಫಾನ್ ಗಾಲೆನ್, ಮನೋರೋಗಿಗಳನ್ನು ಸರ್ಕಾರವೇ ಕೊಲ್ಲುತ್ತಿದೆ ಎಂದು ಪ್ರಸಂಗಪೀಠದಿಂದ ಬಯಲುಮಾಡಿದರು. ಜನ ಅದನ್ನು ಟೈಪ್ ಮಾಡಿ ಕೈಯಿಂದ ಕೈಗೆ ದಾಟಿಸಿದರು. ಅಷ್ಟರಲ್ಲಾಗಲೇ 70,000ಕ್ಕೂ ಹೆಚ್ಚು ಜನ ಸತ್ತಿದ್ದರು. ಅದೇ ತಿಂಗಳ 24ರಂದು ಹಿಟ್ಲರ್ ಆ ಕಾರ್ಯಾಚರಣೆಯನ್ನು ನಿಲ್ಲಿಸಲು ಆದೇಶಿಸಿದ, ಆದರೂ ಗುಟ್ಟಾಗಿ ಕೊಲೆ ಮುಂದುವರಿಯಿತು. ಧರ್ಮಾಧ್ಯಕ್ಷರನ್ನು ಮುಟ್ಟಲು ಸರ್ಕಾರ ಹೆದರಿತು; ಪ್ರತಿ ಹಂಚಿದವರಿಗೆ ಆ ರಕ್ಷೆ ಇರಲಿಲ್ಲ. ಲ್ಯೂಬೆಕ್ ನಗರದ ಮೂವರು ಕಥೋಲಿಕ ಗುರುಗಳನ್ನೂ ಪ್ರೊಟೆಸ್ಟೆಂಟ್ ಸಭಾಪಾಲಕ ಸ್ಟೆಲ್‌ಬ್ರಿಂಕರನ್ನೂ 1943ರ ನವೆಂಬರ್ 10ರಂದು ಒಂದೇ ದಿನ ಶಿರಚ್ಛೇದ ಮಾಡಲಾಯಿತು. ಅವರು ಹಂಚಿದ್ದ ಬರಹಗಳಲ್ಲಿ ಗಾಲೆನ್ ಅವರ ಪ್ರಸಂಗಗಳೂ ಇದ್ದವು.

ಎಲ್ ಸಾಲ್ವದೋರಿನಲ್ಲಿ ಈ ಪರಂಪರೆಗೆ ರೇಡಿಯೋ ಜೊತೆಯಾಯಿತು. 1977ರಲ್ಲಿ ಮಹಾಧರ್ಮಾಧ್ಯಕ್ಷರಾದ ಓಸ್ಕರ್ ರೊಮೇರೊ ಅವರ ಭಾನುವಾರದ ಪ್ರಬೋಧನೆ ಧರ್ಮಪ್ರಾಂತ್ಯದ ಬಾನುಲಿಯಲ್ಲಿ ಪ್ರಸಾರವಾಗುತ್ತಿತ್ತು. ಅಂದಿನ ವಾಕ್ಯದ ವಿವರಣೆ ಮುಗಿದ ಮೇಲೆ ಆ ವಾರ ಕೊಲೆಯಾದವರ, ಕಾಣೆಯಾದವರ ಹೆಸರುಗಳನ್ನು ಅವರು ಓದುತ್ತಿದ್ದರು. ಹಳ್ಳಿಗಳಲ್ಲಿ ಜನ ಟ್ರಾನ್ಸಿಸ್ಟರಿನ ಸುತ್ತ ಕುಳಿತು ಕೇಳುತ್ತಿದ್ದರು. ಬಾಂಬಿಟ್ಟು ಪ್ರಸಾರ ಯಂತ್ರವನ್ನು ಹಾಳುಮಾಡಿದರೂ ಅವರು ನಿಲ್ಲಿಸಲಿಲ್ಲ. 1980ರ ಮಾರ್ಚ್ 23ರಂದು ಅವರು ನೇರವಾಗಿ ಸೈನಿಕರನ್ನೇ ಉದ್ದೇಶಿಸಿ, ನಿಮ್ಮದೇ ರೈತಬಂಧುಗಳನ್ನು ಕೊಲ್ಲುವ ಆಜ್ಞೆಯನ್ನು ಪಾಲಿಸಬೇಕಿಲ್ಲ ಎಂದರು. ಮರುದಿನ ಸಂಜೆ, ಆಸ್ಪತ್ರೆಯೊಂದರ ಪುಟ್ಟ ಪ್ರಾರ್ಥನಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದಾಗ, ಅವರಿಗೆ ಗುಂಡಿಕ್ಕಲಾಯಿತು.

ರೊಮೇರೊ ಅವರನ್ನು 2018ರಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಸಾರಿದರು. ಅವರ ಚಿತ್ರವನ್ನು ಗೋಡೆಗೆ ಹಾಕುವ ಸಭೆಗಳು ಆ ಪ್ರಬೋಧನೆಗಳನ್ನೂ ತೆರೆದು ಓದಬೇಕು. ಸಂಪುಟಗಳಾಗಿ ಅಚ್ಚಾಗಿ ಉಳಿದಿರುವ ಅವುಗಳಲ್ಲಿ ಸುವಾರ್ತೆಯ ವಿವರಣೆಯ ಜೊತೆಗೆ, ಅಂದು ಹೆಚ್ಚಿನ ಪತ್ರಿಕೆಗಳು ಪ್ರಕಟಿಸಲು ಮುಂದಾಗದ ಬಡವರ ಹೆಸರುಗಳು ವಾರವಾರವೂ ಇವೆ.