ನಮ್ಮ ಎರೆಮಣ್ಣೂ ಸಹ್ಯಾದ್ರಿಯ ಲಾವಾ ಪ್ರಸ್ಥಭೂಮಿಯೂ

(ಪಾಲಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಈಗ ಇದನ್ನು ಓದುತ್ತಿರುವ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಬಂಧುಗಳೇ,

ನಾನು ಬಹಳ ವರ್ಷ ಭೂಗೋಳ ಕಲಿಸಿದವನು. "ಕಪ್ಪು ಮಣ್ಣು ಲಾವಾರಸದಿಂದ ಉಂಟಾಗಿದೆ" ಎಂದು ಎಷ್ಟು ಸಾರಿ ಬೋರ್ಡಿನ ಮೇಲೆ ಬರೆದೆನೋ ಲೆಕ್ಕವಿಲ್ಲ. ಒಂದು ದಿನ ಸವಣೂರು ಕಡೆಯ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮ ಹೊಲದಾಗೂ ಎರಿಮಣ್ಣ ಐತ್ರಿ. ಹಂಗಾದ್ರ ನಮ್ಮೂರ ಜ್ವಾಲಾಮುಖಿ ಎಲ್ಲೈತ್ರಿ?" ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಉತ್ತರ ನನ್ನಲ್ಲಿ ಇರಲಿಲ್ಲ. ಈ ಭಾಷಣ ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ ಎಂದು ತಿಳಿಯಿರಿ.

ಲಾವಾದ ನಾಡನ್ನು ನೋಡಬೇಕೆಂದರೆ ಶಿಗ್ಗಾಂವಿಯ ಮಗ್ಗುಲಲ್ಲೇ ಹೋಗುವ ಪುಣೆ–ಬೆಂಗಳೂರು ಹೆದ್ದಾರಿಯನ್ನು ಹಿಡಿದು ಉತ್ತರಕ್ಕೆ ಹೋಗಬೇಕು. ಹುಬ್ಬಳ್ಳಿ, ಧಾರವಾಡ, ಕಿತ್ತೂರು ದಾಟಿ ಬೆಳಗಾವಿ ಸೇರುವ ಹೊತ್ತಿಗೆ ಕಲ್ಲು ಬದಲಾಗಿರುತ್ತದೆ. ನಿಪ್ಪಾಣಿ ಬಿಟ್ಟು ಮುಂದೆ ಹೋದಂತೆ ಗುಡ್ಡಗಳ ನೆತ್ತಿ ಹಲಗೆ ಇಟ್ಟಂತೆ ಚಪ್ಪಟೆಯಾಗುತ್ತದೆ. ಕೊಲ್ಹಾಪುರ, ಸಾತಾರಾ ಮುಗಿಸಿ, ವಾಯಿಯಿಂದ ಪಸರಣಿ ಘಾಟು ಏರಿ ಪಂಚಗಣಿ, ಮಹಾಬಳೇಶ್ವರ ಮುಟ್ಟಿದರೆ ನೀವು ಸುಮಾರು 1,370 ಮೀಟರ್ ಎತ್ತರದಲ್ಲಿರುತ್ತೀರಿ. ಅದೂ ಬೆಟ್ಟದ ಚೂಪಾದ ತುದಿಯಲ್ಲಲ್ಲ, ಬಯಲಿನಲ್ಲಿ! ಘಾಟಿನ ಗೋಡೆಗಳನ್ನು ಗಮನಿಸಿದರೆ ಪದರದ ಮೇಲೆ ಪದರ, ಮೆಟ್ಟಿಲ ಮೇಲೆ ಮೆಟ್ಟಿಲು ಕಾಣುತ್ತದೆ. ಒಂದೊಂದು ಮೆಟ್ಟಿಲೂ ಒಂದು ಕಾಲಕ್ಕೆ ಹರಿದು ಹೆಪ್ಪುಗಟ್ಟಿದ ಲಾವಾ. ಇದನ್ನೇ ದಖ್ಖನ್ ಟ್ರ್ಯಾಪ್ ಎನ್ನುವುದು. ಟ್ರ್ಯಾಪ್ ಎಂಬ ಹೆಸರು ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲಿಗಿರುವ ಪದದಿಂದ ಬಂದದ್ದು.

ಇಲ್ಲಿ ಚಿತ್ರದಲ್ಲಿ ನೋಡುವಂಥ ಹೊಗೆಯುಗುಳುವ ಶಂಕುವಿನಾಕಾರದ ಪರ್ವತ ಹುಡುಕಬೇಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲವೇ ಉದ್ದುದ್ದ ಸೀಳಿ, ಆ ಬಿರುಕುಗಳಿಂದ ಲಾವಾ ಉಕ್ಕಿ, ಕಾವಲಿಯ ಮೇಲೆ ದೋಸೆ ಹಿಟ್ಟು ಹರಡಿದಂತೆ ಹರಡಿತು. ಸವೆದು ಹೋಗಿ ಉಳಿದಿರುವುದೇ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರ್. ನಮ್ಮ ರಾಜ್ಯದಲ್ಲಿ ಬೆಳಗಾವಿ, ವಿಜಯಪುರ, ಬೀದರ, ಕಲಬುರಗಿ ಜಿಲ್ಲೆಗಳಲ್ಲಿ ಇದರ ದಕ್ಷಿಣದ ಸೆರಗಿದೆ. ನಿಮ್ಮಲ್ಲಿ ಬಹಳ ಮಂದಿ ಗೋಲಗುಮ್ಮಟ ನೋಡಿದ್ದೀರಿ, ಪಿಸುಮಾತನಾಡಿ ಕಿವಿಗೊಟ್ಟಿದ್ದೀರಿ. 1656ರಲ್ಲಿ ಮುಗಿದ ಆ ಕಟ್ಟಡದ ಕರಿಗಲ್ಲು ಇದೇ ಲಾವಾ. ಮುಂದಿನ ಸಲ ಗೋಡೆಯನ್ನೂ ಒಮ್ಮೆ ಮುಟ್ಟಿ ನೋಡಿ.

ಈಗ ನನಗೆ ಅತ್ಯಂತ ಸೋಜಿಗವೆನಿಸಿದ ಸಂಗತಿ. ಮಹಾಬಳೇಶ್ವರದ ನೆತ್ತಿಯ ಮಣ್ಣು ಕೆಂಪು, ಜಂಬಿಟ್ಟಿಗೆಯ ನೆಲ. ವಿಜಯಪುರದ ಮಣ್ಣು ಕಾಡಿಗೆಯಷ್ಟು ಕಪ್ಪು. ತಳದ ಕಲ್ಲು ಎರಡೂ ಕಡೆ ಒಂದೇ! ವ್ಯತ್ಯಾಸ ಮಳೆಯದು. ಅಲ್ಲಿ ವರ್ಷಕ್ಕೆ 5,000 ಮಿಲಿಮೀಟರ್‌ಗೂ ಹೆಚ್ಚು ಸುರಿದು ಸುಣ್ಣದಂಶವನ್ನೆಲ್ಲ ತೊಳೆದು ಒಯ್ಯುತ್ತದೆ, ಕಬ್ಬಿಣ ಉಳಿಯುತ್ತದೆ. ಇಲ್ಲಿ 600 ಮಿಲಿಮೀಟರ್‌ನ ಆಸುಪಾಸು. ಸುಣ್ಣದಂಶ ನೆಲದಲ್ಲೇ ನಿಂತು, ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಜಿಗುಟು ಮಣ್ಣಾಗುತ್ತದೆ. ಅಂದರೆ ಮಣ್ಣಿನ ಬಣ್ಣ ನೋಡಿದ ಮಾತ್ರಕ್ಕೆ ಕಲ್ಲಿನ ಕುಲ ಹೇಳಲಾಗದು.

ನಮ್ಮ ನಾಲ್ಕು ತಾಲೂಕುಗಳ ಕಥೆಯೇ ಅದು. ನಮ್ಮ ಕೆಳಗೆ ದಖ್ಖನ್ ಲಾವಾ ಇಲ್ಲ. ಇಲ್ಲಿಯದು ಧಾರವಾಡ ಶಿಲೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ನಮ್ಮ ಧಾರವಾಡದ ಹೆಸರನ್ನೇ ಅದಕ್ಕಿಟ್ಟರು. 250 ಕೋಟಿ ವರ್ಷಕ್ಕೂ ಹಳೆಯದು. ಮಹಾಬಳೇಶ್ವರದ ಕಲ್ಲು ಇದರ ಮುಂದೆ ಮೊಮ್ಮಗನೂ ಅಲ್ಲ. ಪುರಾತನ ಕಡಲ ತಳದ ಹೂಳು, ಮರಳು, ಕೆಲವೆಡೆ ಆ ಕಾಲದ್ದೇ ಲಾವಾ, ಎಲ್ಲವೂ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟ ಪದರುಗಲ್ಲು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ನೀರಿನೊಳಗೆ ಉಕ್ಕಿ ದಿಂಬಿನಂತೆ ಗಟ್ಟಿಯಾದ ಆ ಹಳೆಯ ಲಾವಾವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿದ್ದಾರೆ. ನಮ್ಮ ಎರೆ ಹೊಲಗಳು ಇಂಥ ಹಳೆಯ ಕಲ್ಲು ಕೊಳೆತು, ತಗ್ಗಿನಲ್ಲಿ ನೀರು ನಿಂತು, ಕಡಿಮೆ ಮಳೆಯಲ್ಲಿ ಆದವು. ಹಾನಗಲ್ಲ ಕಡೆ ಮಳೆ ಹೆಚ್ಚು, ಅಲ್ಲಿ ಮಸಾರಿಯೂ ಹೆಚ್ಚು.

ಇದರಿಂದ ಏನು ಉಪಯೋಗ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಮೊದಲು ನನ್ನ ಮನೆಯ ಮಾತು. ಎರೆಯ ಮೇಲೆ, ಗರಸು ಹತ್ತುವ ಮೊದಲೇ ಬುನಾದಿ ನಿಲ್ಲಿಸಿ ಕಟ್ಟಿಸಿದೆ. ಎರಡನೆಯ ಬೇಸಿಗೆಗೆ ಪಡಸಾಲೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಭೂಗೋಳ ಮೇಷ್ಟ್ರ ಮನೆ! ಅದಕ್ಕಿಂತ ದೊಡ್ಡದು ಬೋರ್‌ವೆಲ್. ವಿಜಯಪುರದ ಕಡೆ ಒಂದು ಲಾವಾ ಪದರಕ್ಕೂ ಮತ್ತೊಂದಕ್ಕೂ ನಡುವೆ ರಂಧ್ರವುಳ್ಳ, ಕೊಳೆತ ಕಲ್ಲಿನಲ್ಲಿ ನೀರು ಸಿಗಬಹುದು. ನಮ್ಮಲ್ಲಿ ಮೇಲಿನ ಕೊಳೆತ ಪದರ ದಾಟಿದರೆ ಬಿರುಕೇ ಗತಿ. ಪಕ್ಕದ ಹೊಲದಲ್ಲಿ ಬಿರುಕು ಸಿಕ್ಕರೆ ನೀರು, ನಮ್ಮದರಲ್ಲಿ ತಪ್ಪಿದರೆ ಬರೀ ಧೂಳು. ಹೆಂಡತಿಯ ಬಳೆ ಅಡವಿಟ್ಟು ಮೂರು ತೂತು ಕೊರೆಸಿ ಮೂರೂ ಒಣಗಿದ ಮನೆಗಳನ್ನು ನೀವೂ ಬಲ್ಲಿರಿ. ಹಾನಗಲ್ಲಿನ ಆನೆಕೆರೆ, ಹಿರೇಕೆರೂರು ಕಡೆಯ ಮದಗ ಮಾಸೂರು ಕೆರೆಗಳನ್ನು ನೋಡಿದಾಗಲೆಲ್ಲ, ಈ ಕಲ್ಲಿನ ಸ್ವಭಾವ ಹಿಂದಿನವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತೆಂದು ನನಗನ್ನಿಸುತ್ತದೆ. ಹಳೆಯ ಕೆರೆಯ ಹೂಳೆತ್ತಿದರೆ ಮೇಲಿನ ಪದರಕ್ಕೆ ನೀರು ಇಳಿಯುತ್ತದೆ. ಇನ್ನೂರು ಅಡಿ ಹೆಚ್ಚು ಕೊರೆದರೆ ಇಳಿಯುವುದು ದುಡ್ಡು.

ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ಹೊಲಕ್ಕೆ ಬೋರಿನ ಲಾರಿ ಬಂದಾಗ ಹತ್ತತ್ತು ಅಡಿಗೆ ಒಂದು ಹಿಡಿಯಂತೆ ಮೇಲೆ ಬರುವ ಕಲ್ಲುಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ. ಮೇಲೆ ಊರು, ಆಳ, ನೀರು ಬಂದದ್ದು ಎಷ್ಟು ಅಡಿಗೆ ಎಂದು ಬರೆಯಿರಿ. ನೀರು ಬರದಿದ್ದರೆ ಅದನ್ನೂ ಬರೆಯಿರಿ. ಮಕ್ಕಳ ಕೈಯಲ್ಲಿ ಶಾಲೆಗೆ ಕೊಟ್ಟು ಕಳಿಸಿ. ಭೂಗೋಳದ ಮೇಷ್ಟ್ರು ಬೇಡವೆನ್ನುವುದಿಲ್ಲ.