ಸೆಕ್ರೆಟಿನ್: ಸಹಜವೋ, ಕೃತಕವೋ?



ಜಠರದ ಆಮ್ಲ ಸಣ್ಣ ಕರುಳಿಗೆ ಇಳಿದಾಗ ಸೆಕ್ರೆಟಿನ್ ಎಂಬ ಹಾರ್ಮೋನು ರಕ್ತ ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿಯು ಆಮ್ಲವನ್ನು ಶಮನಗೊಳಿಸುವ ಬೈಕಾರ್ಬೊನೇಟ್ ರಸವನ್ನು ಸುರಿಸುತ್ತದೆ. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಇದನ್ನು ಕಂಡುಹಿಡಿದರು.

ಈ ಗ್ರಂಥಿಯ ಸಾಮರ್ಥ್ಯ ಪರೀಕ್ಷಿಸಲು ಬಹುಕಾಲ ಹಂದಿಯ ಕರುಳಿನಿಂದ ತೆಗೆದ ಸೆಕ್ರೆಟಿನ್ನನ್ನೇ ಚುಚ್ಚುತ್ತಿದ್ದರು. ಅದರ 27 ಅಮೈನೋ ಆಮ್ಲಗಳಲ್ಲಿ ಮನುಷ್ಯನದಕ್ಕಿಂತ ಭಿನ್ನವಾದವು ಎರಡೇ. ಆದರೆ ಅದನ್ನು ಶುದ್ಧೀಕರಿಸುವುದು ಕಷ್ಟದ ಕೆಲಸ.

2004ರಲ್ಲಿ ಅಮೆರಿಕದಲ್ಲಿ ಕೃತಕ ಮಾನವ ಸೆಕ್ರೆಟಿನ್‌ಗೆ ಅನುಮತಿ ದೊರೆಯಿತು. ಹೋಲಿಸಿ ನೋಡಿದಾಗ ಎರಡರ ಪರಿಣಾಮವೂ ಸಮಾನವಾಗಿತ್ತು. ಹಂದಿಮೂಲದ ಔಷಧಿಗೆ ಹಿಂಜರಿಯುವ ರೋಗಿಗೆ ಇದೊಂದು ನೆಮ್ಮದಿ.

ಆದುದರಿಂದ ‘ಕೃತಕ’ ಎಂದೊಡನೆ ಕೀಳೆಂದು ಭಾವಿಸಬೇಡಿ. ಔಷಧಿಯ ಮೂಲವನ್ನು ವೈದ್ಯರಲ್ಲಿ ಕೇಳಲು ಸಂಕೋಚಪಡಬೇಡಿ. ರಸಾಯನಶಾಸ್ತ್ರ ಓದುವವರೇ, ನಾಳೆ ಇಂತಹ ಆಯ್ಕೆಗಳನ್ನು ಒದಗಿಸಬೇಕಾದವರು ನೀವೇ.